ಕೆಂಪು ತುದಿ, ನೀಲಿ ತುದಿ

ಮೈಕ್ ಕೇಬಲ್ಲಿನ ತುದಿಗೆ ಹಾಕುವ ಕನೆಕ್ಟರನ್ನು ಒಂದಕ್ಕೆ ನೂರ ತೊಂಬತ್ತು ರೂಪಾಯಿಯಂತೆ ಒಂದು ಡಜನ್ ಕೊಂಡೆ. ಅದೇ ಅಂಗಡಿಯಲ್ಲಿ ಅರವತ್ತು ಹೇಳುವ ಮಾಲನ್ನು ನಲವತ್ತೈದಕ್ಕೆ ಇಳಿಸಿ ತರುತ್ತಿದ್ದವಳು ನಾನು. ಆವತ್ತು ಮಾತ್ರ ಹೇಳಿದ ಬೆಲೆಗೆ ಹೂಂ ಅಂದು ಪರ್ಸ್ ತೆಗೆದೆ. ಶಿವಾಜಿನಗರದ ಇಕ್ಬಾಲ್ ಭಾಯ್ ಎಷ್ಟೋ ವರ್ಷಗಳಿಂದ ನನ್ನ ಬಾಯಿಗೆ ಸಿಕ್ಕಿ ಹಣ್ಣಾದ ಮನುಷ್ಯ. ಮಾಲನ್ನು ಕವರಿಗೆ ಹಾಕುತ್ತಾ ನನ್ನ ಮುಖವನ್ನೇ ನೋಡಿದರು. "ಏನಕ್ಕ, ಇವತ್ತು ಜಗಳ ಇಲ್ವಾ? ತಬಿಯತ್ ಠೀಕ್ ಹೈ ನಾ?"

ತಬಿಯತ್ತು ಗಟ್ಟಿಯಾಗೇ ಇತ್ತು. ನನ್ನ ಓರಗಿತ್ತಿ ಸವಿತಾ ಅವಳ ಪಾಲಿನ ಕೆಲಸಕ್ಕೆ ಚಿನ್ನದ ಲೇಪದ ಕನೆಕ್ಟರ್ ತರಿಸಿಕೊಂಡಿದ್ದಳು. ಒಂದೇ ಕೇಬಲ್ಲಿನ ಒಂದು ತುದಿ ಅವಳು ಮಾಡುವುದು, ಇನ್ನೊಂದು ನಾನು. ಅವಳ ತುದಿಯ ಪಕ್ಕದಲ್ಲಿ ನನ್ನ ತುದಿ ಬಡವಿಯ ಹಾಗೆ ಕಾಣುವುದು ನನಗೆ ಬೇಕಿರಲಿಲ್ಲ. ಆ ಖರ್ಚಿಗೆ ಇದ್ದ ಕಾರಣ ಇಷ್ಟೇ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದೆ.

ಮೊನ್ನೆ ಅದೇ ಅಂಗಡಿಗೆ ಹೋದಾಗ ಒಳಗೆ ಯಾರೋ ಸೋಲ್ಡರ್ ಕರಗಿಸಿ ವೈರು ಬೆಸೆಯುತ್ತಿದ್ದರು. ಅಗ್ಗದ ಪೇಸ್ಟಿನ ಹೊಗೆ ಮೂಗನ್ನು ಕೊರೆಯುತ್ತದೆ. ಇದು ಒಳ್ಳೆಯ ಮಾಲಿನ ಹೊಗೆ, ರಾಳದ್ದು, ಲೋಬಾನದ ಹಾಗೆ ಸ್ವಲ್ಪ ಸಿಹಿ. ನಮ್ಮ ಮನೆಗೆ ಈ ವಾಸನೆಯನ್ನು ಮೊದಲು ತಂದವಳು ಸವಿತಾ. ಅಂಗಡಿ ಬಾಗಿಲಲ್ಲಿ ನಿಂತಿದ್ದ ಹಾಗೇ ಆ ಮಳೆಗಾಲ ಪೂರ್ತಿ ಎದುರಿಗೆ ಬಂತು. ಹೊಟ್ಟೆಯೊಳಗಿನ ಉರಿಯೂ ಜೊತೆಗೇ ಬಂತು, ಒಂದು ಚೂರೂ ಆರದೆ.

ಜೋಗುಪಾಳ್ಯದಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನನ್ನ ಗಂಡ ನಾಗರಾಜ ಗಾಡಿ ಓಡಿಸುತ್ತಾರೆ, ಸೌಂಡ್ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂರುತ್ತಾರೆ. ಗಿರಾಕಿಯ ಜೊತೆ ಮಾತಾಡುವುದು, ಅಡ್ವಾನ್ಸ್ ಹಿಡಿಯುವುದು, ಕೆಟ್ಟದ್ದನ್ನು ಸರಿಮಾಡುವುದು ನನ್ನ ಪಾಲು. ಮೈಕಿನ ಕೇಬಲ್‌ಗಳನ್ನೂ ನಾನೇ ಮಾಡುತ್ತೇನೆ. ರೆಡಿಮೇಡ್ ಕೇಬಲ್ ನಂಬಿಕೊಂಡವರು ಬಾಡಿಗೆ ವ್ಯಾಪಾರದಲ್ಲಿ ಉಳಿಯುವುದಿಲ್ಲ. ಸ್ಟೇಜಿನ ಮೇಲೆ ಜನ ಅದನ್ನು ತುಳಿಯುತ್ತಾರೆ, ಕುರ್ಚಿಯ ಕಾಲನ್ನು ಅದರ ಮೇಲೇ ಇಡುತ್ತಾರೆ, ಮೈಕ್ ಹಿಡಿದು ಹಗ್ಗಜಗ್ಗಾಟ ಆಡುತ್ತಾರೆ. ಅಗ್ಗದ ರೆಡಿಮೇಡ್ ಕೇಬಲ್‌ನ ತುದಿ ರಬ್ಬರಿನಲ್ಲಿ ಅಚ್ಚು ಹಾಕಿ ಮುಚ್ಚಿರುತ್ತದೆ. ಒಳಗೆ ಬಿಟ್ಟುಹೋದರೆ ಬಿಚ್ಚಲು ಬರುವುದಿಲ್ಲ, ಎಸೆಯಬೇಕು. ನಾವೇ ಮಾಡಿದ್ದನ್ನು ಮತ್ತೆ ಮತ್ತೆ ಬಿಚ್ಚಬಹುದು. ಒಳಗೆ ಇರುವುದು ಎರಡೇ ವೈರು, ಅವುಗಳ ಸುತ್ತ ಒಂದು ತಾಮ್ರದ ಜಾಲರಿ. ಮೂರನ್ನೂ ಮೂರು ಪಿನ್ನಿಗೆ ಬೆಸೆದರೆ ಆಯಿತು. ಕೆಟ್ಟ ಕೇಬಲ್‌ಗಳನ್ನು ಬ್ಲೇಡಿನಲ್ಲಿ ಸೀಳಿ, ಶಿವಾಜಿನಗರದ ರಿಪೇರಿಯವರ ಬೆನ್ನ ಹಿಂದೆ ನಿಂತು ನೋಡಿ, ಕೈ ಸುಟ್ಟುಕೊಂಡು ಕಲಿತೆ. ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಸವಿತಾ ಧಾರವಾಡದ ಕಡೆಯವಳು. ನನ್ನ ಮೈದುನ ಪ್ರಕಾಶನ ಕೈಹಿಡಿದು ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಳು. ಕೆ.ಆರ್. ಪುರದ ಕಡೆ ಅವಳ ಆಫೀಸು. ಮಳೆ ಹಿಡಿದು ರಸ್ತೆ ಮುಳುಗಲು ಶುರುವಾದ ಮೇಲೆ ಮನೆಯಿಂದಲೇ ಕೆಲಸ ಮಾಡಿ ಅಂದರಂತೆ. ಮೇಲೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಕೆಳಗೆ ಅಂಗಡಿಗೆ ಬಂದು ನನ್ನ ಎದುರಿನ ಸ್ಟೂಲಿನಲ್ಲಿ ಕೂರುತ್ತಿದ್ದಳು. ಆಫೀಸಿನ ಕೆಲಸ ಮುಗಿದ ಮೇಲೂ ಏಳುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. ಒಂದು ದಿನ ನನಗೂ ಕಲಿಸ್ತೀರೇನ್ರಿ ಅಕ್ಕಾರ ಅಂದಳು. ಕಲಿಸಿದೆ. ವೈರಿನ ಸಿಪ್ಪೆ ತೆಗೆಯುವುದು, ಜಾಲರಿಯನ್ನು ಹುರಿ ಮಾಡುವುದು, ಪಿನ್ನನ್ನು ಮೊದಲು ಕಾಯಿಸಿ ಆಮೇಲೆ ಸೋಲ್ಡರ್ ಮುಟ್ಟಿಸುವುದು, ಎಲ್ಲವನ್ನೂ ಕಲಿಸಿದವಳು ನಾನು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆ ಮಳೆಗಾಲದಲ್ಲಿ ಬೇರೆ ಯಾರೂ ಹೇಳಲಿಲ್ಲ.

ಕಲಿತು ಕೆಲವೇ ದಿನಕ್ಕೆ ಅವಳ ಬೆಸುಗೆ ಹೊಳೆಯಲು ಶುರುವಾಯಿತು. ಎಣ್ಣೆ ಸವರಿದ ಸಾಸಿವೆ ಕಾಳು ನೋಡಿದ್ದೀರಲ್ಲ, ಹಾಗೆ. ದುಂಡಗೆ, ಪುಟ್ಟದಾಗಿ, ಮಿಣುಗುಟ್ಟುತ್ತಾ. ನನ್ನದು ಮೊದಲಿಂದಲೂ ಬೂದು ಬಣ್ಣ, ಮೇಲೆ ತರಿತರಿ, ಗೋಡೆಯಿಂದ ಉದುರಿದ ಸುಣ್ಣದ ಹನಿಯಂತೆ. ಅಲ್ಲಿಯವರೆಗೆ ಬೆಸುಗೆ ಅಂದರೆ ಹೀಗೇ ಇರುವುದು ಅಂದುಕೊಂಡಿದ್ದೆ. ಹೋಲಿಸಲು ಎದುರಿಗೆ ಇನ್ನೊಂದು ಇರಲಿಲ್ಲವಲ್ಲ. ನಾಗರಾಜ ಒಂದು ಸಂಜೆ ಅವಳು ಮಾಡಿದ್ದನ್ನು ಬೆಳಕಿಗೆ ಹಿಡಿದು ಕಂಪನಿ ಮಾಲ್ ಇದ್ದಂಗಿದೆ ಅಂದರು. ಅಷ್ಟು ವರ್ಷದಲ್ಲಿ ನನ್ನ ಕೇಬಲ್ ನೋಡಿ ಅವರು ಹೇಳುತ್ತಿದ್ದದ್ದು ಒಂದೇ ಮಾತು, ನಡೆಯುತ್ತೆ ಬಿಡು. ಆವತ್ತು ಅವರ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಬೇಕೆಂದು ಹಾಕಿದ್ದಲ್ಲ, ಕೈ ತಾನಾಗಿಯೇ ಹೋಯಿತು.

ಅದೇ ಹೊತ್ತಿಗೆ ವಿಹಾರದ ಕೆಲಸ ಬಂತು. ಕೆ.ಆರ್. ಪುರ ದಾಟಿ ಸ್ವಲ್ಪ ದೂರ ಹೋದರೆ ಇರುವ ಬುದ್ಧವಿಹಾರ ಅದು. ನಮ್ಮ ಮನೆಯವರೆಲ್ಲ ಚಿಕ್ಕಂದಿನಿಂದ ಹೋಗುವ ಜಾಗ. ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗೆ ವರ್ಷಾವಾಸ, ಅಂದರೆ ಅಲ್ಲಿನ ಭಿಕ್ಷು ಭಂತೇಜಿ ಮಳೆಗಾಲ ಪೂರ್ತಿ ಎಲ್ಲೂ ತಿರುಗಾಡದೆ ಅಲ್ಲೇ ಉಳಿದು ಪ್ರತಿ ಭಾನುವಾರ ಸಂಜೆ ಧಮ್ಮದ ಮಾತು ಹೇಳುತ್ತಾರೆ. ಮೈಕ್ ಸೆಟ್ ನಮ್ಮದು. ಪಕ್ಕದಲ್ಲೇ ಹೊಸ ಹಾಲ್ ಏಳುತ್ತಿತ್ತು. ಅದರ ಮೈಕ್ ಲೈನುಗಳನ್ನೆಲ್ಲ ಕಾಯಂ ಆಗಿ ಎಳೆದು ಬೆಸೆಯುವ ಕೆಲಸ ಯಾರಿಗೆ ಅನ್ನುವುದನ್ನು ಮಳೆಗಾಲ ಮುಗಿಯುವಾಗ ತೀರ್ಮಾನ ಮಾಡುತ್ತೇವೆ ಅಂದಿದ್ದರು ಕಮಿಟಿಯ ಶಾಂತಮ್ಮ ಮೇಡಂ. ಅವರು ರಿಟೈರಾದ ಟೀಚರು. ಮಾತು ಕಡಿಮೆ, ಕಣ್ಣು ಜಾಸ್ತಿ. ಅದುವರೆಗೆ ನಾನು ಮಾಡಿದ್ದೆಲ್ಲ ಬಾಡಿಗೆ ಕೆಲಸ. ಕಟ್ಟುವುದು, ಬಿಚ್ಚುವುದು, ಸುತ್ತಿ ಮನೆಗೆ ತರುವುದು. ಒಂದು ಗೋಡೆಯೊಳಗೆ ನನ್ನ ಕೈಕೆಲಸ ಉಳಿಯಬೇಕು, ಅದನ್ನು ನನ್ನ ಹೆಸರಿನಲ್ಲಿ ಕೊಡಬೇಕು ಅನ್ನುವ ಆಸೆ ಎಷ್ಟಿತ್ತೆಂದರೆ ಹಾಲ್‌ನ ತಳಪಾಯ ನೋಡಿದಾಗಲೇ ಎಲ್ಲೆಲ್ಲಿ ಲೈನ್ ಹೋಗಬೇಕೆಂದು ಮನಸ್ಸಿನಲ್ಲಿ ಗೆರೆ ಎಳೆದಿದ್ದೆ.

ಭಂತೇಜಿಯ ದನಿ ತೀರಾ ಮೆದು. ರಾಜ್ಯೋತ್ಸವದಲ್ಲಿ ಭಾಷಣ ಮಾಡುವವರಾದರೆ ಮೈಕೇ ಬೇಕಿಲ್ಲ, ಅಂಥವರಿಗೆ ಎಂಥ ಕೇಬಲ್ ಕೊಟ್ಟರೂ ನಡೆಯುತ್ತದೆ. ಮೆದು ದನಿಯವರಿಗೆ ಮಿಕ್ಸರಿನಲ್ಲಿ ಸೌಂಡ್ ಏರಿಸಬೇಕು. ಏರಿಸಿದರೆ ಕೇಬಲ್‌ನೊಳಗಿನ ಎಲ್ಲ ಕಳ್ಳತನವೂ ಹೊರಗೆ ಬರುತ್ತದೆ. ಬೆಸುಗೆ ಸರಿಯಿಲ್ಲದಿದ್ದರೆ ಭಂತೇಜಿ ಕೈ ಅಲುಗಿಸಿದಾಗೆಲ್ಲ ಚರ್ ಚರ್ ಅನ್ನುತ್ತದೆ. ಹಾಗಾಗಿ ವಿಹಾರಕ್ಕೆಂದೇ ಹೊಸ ಕೇಬಲ್ ಮಾಡಲು ಕೂತೆವು. ಬೇಗ ಮುಗಿಯಲಿ ಎಂದು ತುದಿಗಳನ್ನು ಹಂಚಿಕೊಂಡೆವು. ಒಂದು ತುದಿ ಮೈಕಿಗೆ ಹೋಗುವುದು, ಇನ್ನೊಂದು ಮಿಕ್ಸರಿಗೆ. ಯಾವುದು ಬೇಕು ಅಂತ ನಾನೇ ಮೊದಲು ಆರಿಸಿದೆ. ಮಿಕ್ಸರ್ ಅಂದರೆ ಮುಖ್ಯ ಅಂದುಕೊಂಡು ಆ ತುದಿ ಇಟ್ಟುಕೊಂಡೆ. ಗುರುತಿಗೆ ನನ್ನ ತುದಿಗೆ ರಬ್ಬರ್ ಕೊಳವೆಯ ಕೆಂಪು ಸ್ಲೀವ್, ಅವಳದಕ್ಕೆ ನೀಲಿ.

ಮೊದಲ ಭಾನುವಾರವೇ ನನ್ನ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಮಿಕ್ಸರಿನ ತುದಿ ಇರುವುದು ಮೂಲೆಯ ಟೇಬಲ್ಲಿನ ಹಿಂದೆ, ಧೂಳಿನಲ್ಲಿ, ಜನರ ಚಪ್ಪಲಿಯ ಪಕ್ಕ. ಮೈಕಿನ ತುದಿ ಇರುವುದು ಭಂತೇಜಿಯ ಕೈಯಲ್ಲಿ, ಎಲ್ಲರ ಕಣ್ಣೆದುರು. ಅವರು ಮಾತು ಮುಗಿಸಿ ಮೈಕ್ ಕೆಳಗಿಡುವಾಗ ಆ ನೀಲಿ ತುದಿಯನ್ನು ಒಮ್ಮೆ ತಿರುಗಿಸಿ ನೋಡಿ, ಇವತ್ತು ಸದ್ದೇ ಇಲ್ಲ, ಯಾರು ಮಾಡಿದ್ದು ಅಂತ ಕೇಳಿದರು. ನಾಗರಾಜ ಸವಿತಾಳ ಕಡೆ ಕೈ ತೋರಿಸಿದರು. ನನ್ನ ಕಡೆಗೂ ತೋರಿಸುತ್ತಿದ್ದರೇನೋ, ಅಷ್ಟರಲ್ಲಿ ಶಾಂತಮ್ಮ ಮೇಡಂ ಅವಳ ಕೈ ಹಿಡಿದು ಊರು, ಓದು ವಿಚಾರಿಸಲು ಶುರುಮಾಡಿದ್ದರು. ನಾನು ಮಳೆಯಲ್ಲಿ ನೆನೆಯುತ್ತಾ ಸ್ಪೀಕರನ್ನು ಗಾಡಿಗೆ ಹತ್ತಿಸಿದೆ.

ಅಲ್ಲಿಂದ ಮುಂದೆ ನನಗೆ ಒಂದೇ ಕಾಯಕ, ನೀಲಿ ತುದಿ ಯಾವತ್ತು ಕೈಕೊಡುತ್ತದೆ ಎಂದು ಕಾಯುವುದು. ಸೋಮವಾರ ಬೆಳಿಗ್ಗೆ ಎಲ್ಲ ಕೇಬಲ್ ಸಂಪರ್ಕ ನೋಡುವ ಮೀಟರಿಗೆ ಹಚ್ಚಿ ಅಲುಗಾಡಿಸಿ ನೋಡುತ್ತಿದ್ದೆ. ನೀಲಿ ಕೆಡಲಿಲ್ಲ. ಕೆಂಪೂ ಕೆಡಲಿಲ್ಲ. ಅವಳದು ಹೊಳೆಯುತ್ತದೆ, ನನ್ನದು ಹೊಳೆಯುವುದಿಲ್ಲ, ಆದರೆ ಕೆಲಸದಲ್ಲಿ ಸಮಸಮ ಎಂದು ಹೇಳಿಕೊಂಡು ಅಷ್ಟರಲ್ಲೇ ಸಮಾಧಾನ ಪಟ್ಟೆ. ಅವಳು ಚಿನ್ನದ ಲೇಪದ ಕನೆಕ್ಟರ್ ತರಿಸಿದ್ದು, ನಾನು ಇಕ್ಬಾಲ್ ಭಾಯ್‌ಗೆ ಗಾಬರಿ ಹುಟ್ಟಿಸಿದ್ದು ಈ ನಡುವೆಯೇ.

ಈ ಕೆಲಸದಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪೊಂದಿದೆ. ಕನೆಕ್ಟರಿನ ಹಿಂದಿನ ಮುಚ್ಚಳ ಇರುತ್ತದಲ್ಲ, ನಾವು ಟೋಪಿ ಅನ್ನುತ್ತೇವೆ, ಅದನ್ನು ಬೆಸೆಯುವ ಮೊದಲೇ ಕೇಬಲ್ಲಿಗೆ ತೂರಿಸಿಕೊಂಡಿರಬೇಕು. ಮರೆತು ಬೆಸೆದುಬಿಟ್ಟರೆ ಆಮೇಲೆ ಯಾವ ದೇವರು ಬಂದರೂ ಅದು ಒಳಗೆ ಹೋಗುವುದಿಲ್ಲ. ಮೂರೂ ಬೆಸುಗೆ ಕಾಯಿಸಿ ಬಿಚ್ಚಿ ಮತ್ತೆ ಮೊದಲಿಂದ. ಸವಿತಾ ಇಷ್ಟು ದಿನವಾದರೂ ಒಮ್ಮೆಯೂ ಮರೆತಿರಲಿಲ್ಲ. ಇವತ್ತಾದರೂ ಮರೆಯುತ್ತಾಳೆ ಎಂದು ಒಂದು ಮಧ್ಯಾಹ್ನ ಅವಳ ಕೈಯನ್ನೇ ಓರೆಗಣ್ಣಿನಲ್ಲಿ ನೋಡುತ್ತಾ ನನ್ನ ಕೆಲಸ ಮಾಡುತ್ತಿದ್ದೆ. ಅವಳು ಟೋಪಿ ತೂರಿಸಿದಳು. ಮುಂದಿನದಕ್ಕೂ ತೂರಿಸಿದಳು. ನಾನು ಬೆಸೆದು ಮುಗಿಸಿ, ತೃಪ್ತಿಯಿಂದ ಕೇಬಲ್ ಎತ್ತಿ ಹಿಡಿದಾಗ ಅವಳು ತಲೆ ಎತ್ತದೆ ಮೆಲ್ಲಗೆ ಹೇಳಿದಳು.

"ಅಕ್ಕಾರ, ನಿಮ್ಮ ಟೋಪಿ ಹೊರಗ ಉಳೀತ್ರಿ."

ಟೇಬಲ್ಲಿನ ಮೇಲೆ ಅದು ಒಂಟಿಯಾಗಿ ಕೂತಿತ್ತು. ನಾಗರಾಜ ಬಾಗಿಲಲ್ಲೇ ನಿಂತಿದ್ದರು. "ಲೇ ರತ್ನ, ಪಕ್ಕದ ಪೇಪರ್ ನೋಡಿ ಬರೆಯೋಕೆ ಹೋದ್ರೆ ಹಿಂಗೇ ಆಗೋದು" ಅಂದರು. ಅವಳು ನಗಲಿಲ್ಲ. ನಕ್ಕಿದ್ದರೆ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ ಅವಳು.

ಮಳೆಗಾಲ ಮುಗಿಯುತ್ತಾ ಬಂತು. ಒಂದು ಶನಿವಾರ ನಾನು ಹಲಸೂರಿನ ಮಾರ್ಕೆಟ್ಟಿಗೆ ಹೊರಟವಳು ಮಳೆ ಜೋರಾಯಿತೆಂದು ಅರ್ಧ ದಾರಿಯಿಂದಲೇ ವಾಪಸ್ ಬಂದೆ. ಅಂಗಡಿಯ ಷಟರ್ ಅರ್ಧ ಇಳಿದಿತ್ತು, ಒಳಗಿಂದ ಆ ಸಿಹಿ ಹೊಗೆ ಬರುತ್ತಿತ್ತು. ಬಗ್ಗಿ ಒಳಗೆ ಹೋದೆ. ಸವಿತಾ ಕೂತಿದ್ದಳು. ಕೈಯಲ್ಲಿ ಸೋಲ್ಡರಿಂಗ್ ಐರನ್ನು. ಎದುರಿಗೆ ಟೋಪಿ ಬಿಚ್ಚಿ ಸಾಲಾಗಿ ಮಲಗಿಸಿದ ಕನೆಕ್ಟರುಗಳು. ಎಲ್ಲದರ ಸ್ಲೀವೂ ಕೆಂಪು.

"ಏನ್ ಮಾಡ್ತಿದೀಯ?"

ಅವಳು ಐರನ್ ಕೆಳಗಿಟ್ಟಳು. ಒಂದೆರಡು ಬೆಸುಗೆ ಮಬ್ಬು ಕಂಡವು, ಮತ್ತೊಮ್ಮೆ ಕಾಸಿ ಬಿಡೋಣ ಅಂತೇನೋ ಹೇಳಿದಳು. ಎಷ್ಟು ದಿನದಿಂದ ಅಂತ ಕೇಳಿದೆ. ಮೊದಲಿಂದಲೂ ಅಂದಳು.

ಸಮಸಮ ಅಂದುಕೊಂಡಿದ್ದೆನಲ್ಲ, ಆ ಲೆಕ್ಕದಲ್ಲಿ ನನ್ನದು ಅನ್ನುವುದು ಒಂದೂ ಇರಲಿಲ್ಲ. ಕೆಂಪು ತುದಿಗಳೂ ಅವಳವೇ. ಕೈಯಲ್ಲಿದ್ದ ಖಾಲಿ ಚೀಲ ನೀರು ಸುರಿಸುತ್ತಿತ್ತು, ಅದನ್ನು ಕೆಳಗಿಡುವುದೂ ತೋಚಲಿಲ್ಲ.

"ಬಾಯಿ ಇರಲಿಲ್ವಾ ನಿಂಗೆ? ನನ್ ಮುಖಕ್ಕೆ ಹೇಳೋಕೇನಾಗಿತ್ತು?"

"ಹೆಂಗ ಹೇಳ್ಲಿ ಅಕ್ಕಾರ? ಸೋಲ್ಡರ್ ಹಾಕಿದ ಕೂಡ್ಲೇ ನೀವು ಉಫ್ ಅಂತ ಊದ್ತೀರಿ. ಅದು ತಾನಾಗೇ ಆರಬೇಕ್ರಿ. ಗಾಳಿ ಬಡದ್ರ ಮಬ್ಬಾಗ್ತದ, ಒಳಗ ಹಿಡಿಯಂಗಿಲ್ಲ. ಕಲಿಸಿದವರೇ ಊದ್ತಾರ, ನಾ ನಿನ್ನೆ ಬಂದಾಕಿ."

ಊದುವುದು ನಿಜ. ಶಿವಾಜಿನಗರದಲ್ಲಿ ನಾನು ಯಾರ ಬೆನ್ನ ಹಿಂದೆ ನಿಂತು ಕಲಿತೆನೋ ಅವರೆಲ್ಲ ಊದುತ್ತಿದ್ದರು. ಬಿಸಿ ಟೀಗೆ ಊದುವ ಬಾಯಿ ಅದು, ಬಿಸಿ ಕಂಡರೆ ತಾನೇ ಮುಂದಾಗುತ್ತದೆ. ಸವಿತಾಳಿಗೂ ಬೇಗ ಆರಲಿ, ಊದು ಎಂದು ಹೇಳಿಕೊಟ್ಟಿದ್ದೆ. ಅವಳು ನನ್ನೆದುರು ತುಟಿ ಮುಂದೆ ಮಾಡುತ್ತಿದ್ದದ್ದು ಆಗ ನೆನಪಾಯಿತು. ಊದಿದ ಹಾಗೆ ಮಾಡುತ್ತಿದ್ದಳು, ಅಷ್ಟೇ. ನನ್ನ ಮನಸ್ಸಿಗೆ ನೋವಾಗಬಾರದೆಂದು ಮಳೆಗಾಲ ಪೂರ್ತಿ ಗಾಳಿಯಿಲ್ಲದೆ ತುಟಿ ಚಾಚಿದ್ದಳು. ಇಷ್ಟು ಒಳ್ಳೆಯವಳಾಗಿರುವ ಅಗತ್ಯ ಏನಿತ್ತು ಇವಳಿಗೆ?

ಮಾರನೆಯ ಭಾನುವಾರ ನಾನು ಅವಳ ಜೊತೆ ಮಾತಾಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶಾಂತಮ್ಮ ಮೇಡಂ ನಮ್ಮಿಬ್ಬರನ್ನೂ ಹೊಸ ಹಾಲ್‌ಗೆ ಕರೆದುಕೊಂಡು ಹೋದರು. ಗಾರೆ ಇನ್ನೂ ಒದ್ದೆ, ಗೋಡೆಯಿಂದ ಖಾಲಿ ಪೈಪುಗಳ ಬಾಯಿ ಹೊರಗೆ ಚಾಚಿತ್ತು. ಕಮಿಟಿಯವರಿಗೆ ಆ ನೀಲಿ ತುದಿಯ ಕೆಲಸ ಹಿಡಿಸಿದೆ, ಈ ಹುಡುಗಿಯೇ ಮಾಡಲಿ ಅನ್ನುತ್ತಿದ್ದಾರೆ ಅಂದರು. ನಾನು ಪೈಪುಗಳನ್ನು ನೋಡುತ್ತಾ ನಿಂತೆ. ಸವಿತಾ ಯೋಚನೆಯನ್ನೂ ಮಾಡಲಿಲ್ಲ.

"ಅಕ್ಕಾರ ಹೆಸರಿಗೇ ಬರೀರಿ ಮೇಡಂ. ನನಗ ಆಫೀಸ್ ಕೆಲಸ ಭಾಳ ಐತಿ."

ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ ಬಿಟ್ಟುಕೊಟ್ಟಳು. ಯಾವುದಕ್ಕಾಗಿ ಇಷ್ಟು ದಿನ ಬೆಂದಿದ್ದೆನೋ ಅದು ಅವಳಿಗೆ ಬೇಕೇ ಇರಲಿಲ್ಲ. ಸುಮ್ಮನೆ ತಲೆಯಾಡಿಸಿದ್ದರೆ ಕೆಲಸ ನನ್ನದು. ವ್ಯಾಪಾರ ಬಲ್ಲವರು ಯಾರಾದರೂ ತಲೆಯಾಡಿಸುತ್ತಿದ್ದರು. ಆದರೆ ಅವಳು ಕೊಟ್ಟದ್ದನ್ನು ಉಟ್ಟುಕೊಂಡು ಆ ಹಾಲ್‌ನೊಳಗೆ ಓಡಾಡುವುದು ನನ್ನಿಂದಾಗುತ್ತಿರಲಿಲ್ಲ.

"ಈಗಲೇ ಬರೀಬೇಡಿ ಮೇಡಂ" ಅಂದೆ. "ಹುಣ್ಣಿಮೆ ದಿನ ಭಂತೇಜಿ ಕೈಗೆ ಒಂದು ಕೇಬಲ್ ಕೊಡ್ತೀನಿ. ಎರಡೂ ತುದಿ ನಂದೇ. ಕಿವಿಯಾರೆ ಕೇಳಿ. ಚರ್ ಅಂತ ಒಂದು ಸದ್ದು ಬಂದ್ರೂ ನಿಮಗಿಷ್ಟ ಬಂದೋರಿಗೆ ಕೊಡಿ."

ಮೇಡಂ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಆಯ್ತಮ್ಮ ಅಂದರು. ದಾರಿಯುದ್ದಕ್ಕೂ ನಾಗರಾಜ ನನಗೆ ಹುಚ್ಚು ಅಂದರು. ಕೈಗೆ ಬಂದ ತುತ್ತನ್ನು ವಾಪಸ್ ತಟ್ಟೆಗೆ ಹಾಕಿದವಳು ಅಂತ ಈಗಲೂ ಅನ್ನುತ್ತಾರೆ.

ಹುಣ್ಣಿಮೆಯವರೆಗೆ ಹಳೆಯ ಕನೆಕ್ಟರುಗಳ ಮೇಲೆ ಕೈ ತಿರುಗಿಸಿದೆ. ಬಾಯಿ ಮುಚ್ಚಿಕೊಂಡಿರುವುದು ನನ್ನಂಥವಳಿಗೆ ಎಷ್ಟು ಕಷ್ಟ ಗೊತ್ತೇ? ಕೊನೆಗೆ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬೆಸೆದೆ. ಊದದೆ, ಅಲುಗಿಸದೆ ಬಿಟ್ಟರೆ ಮೇಲ್ಮೈ ಮೆಲ್ಲಗೆ ಗಟ್ಟಿಯಾಗುವುದು ಕಣ್ಣಿಗೇ ಕಾಣುತ್ತದೆ. ಹೊಳಪು ನಿಂತೇ ಬಿಡುತ್ತದೆ. ಇಷ್ಟು ವರ್ಷ ಅದನ್ನು ನಾನೇ ಊದಿ ಓಡಿಸುತ್ತಿದ್ದೆ. ಸವಿತಾ ಎದುರಿನ ಸ್ಟೂಲಿನಲ್ಲಿ ಲ್ಯಾಪ್‌ಟಾಪಿಗೆ ಮುಖ ಹಾಕಿ ಕೂತಿರುತ್ತಿದ್ದಳು. ಒಮ್ಮೆಯೂ ಈ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಆಶ್ವಯುಜ ಹುಣ್ಣಿಮೆಯ ಸಂಜೆ ಜನ ವರಾಂಡದವರೆಗೂ ತುಂಬಿದ್ದರು. ಎರಡೂ ಕಡೆ ಕೆಂಪು ಸ್ಲೀವಿದ್ದ ಕೇಬಲನ್ನು ನಾನೇ ಮೈಕಿಗೆ ಸಿಕ್ಕಿಸಿದೆ. ನಾಗರಾಜ ಸೌಂಡ್ ಏರಿಸಿದರು. ಭಂತೇಜಿ ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು, ಬಗ್ಗಿ ಮುಂದಿನ ಸಾಲಿನ ಮಗುವಿಗೆ ಏನೋ ಹೇಳಿದರು, ಕೇಬಲ್ ಅವರ ಕಾಲಿಗೆ ಸುತ್ತಿಕೊಂಡಿತು, ಎಳೆದು ಬಿಡಿಸಿಕೊಂಡರು. ಅವರು ಏನು ಬೋಧಿಸಿದರೋ ನನಗೆ ಒಂದಕ್ಷರ ತಿಳಿಯದು. ಮಾತಿನ ನಡುವಿನ ಖಾಲಿ ಜಾಗವನ್ನೇ ಕೇಳುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ. ತಗಡಿನ ಮೇಲೆ ಕೊನೆಯ ಮಳೆ ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಶಾಂತಮ್ಮ ಮೇಡಂ ತಮ್ಮ ಜಾಗದಿಂದಲೇ ನನ್ನ ಕಡೆ ತಿರುಗಿ ಒಮ್ಮೆ ತಲೆ ಬಗ್ಗಿಸಿದರು.

ಎಲ್ಲ ಮುಗಿದು ಕೇಬಲ್ ಸುತ್ತುವಾಗ ಸವಿತಾ ಬಂದಳು. ಟೋಪಿ ಬಿಚ್ಚಿ ನೋಡಲೇ ಅಂತ ಕೇಳಿದಳು. ಕೊಟ್ಟೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದಳು, ಮುಖ ಅರಳಿತು. "ಭಾರೀ ಆಗೇತ್ರಿ ಅಕ್ಕಾರ. ನನ್ನಕಿಂತ ಚಂದ ಬಂದೈತಿ." ಸುಳ್ಳು, ಅವಳದೇ ಚಂದ. ಆದರೆ ಅವಳು ಅದನ್ನು ನಂಬಿಯೇ ಹೇಳಿದಳು. ನನ್ನ ಹೊಟ್ಟೆಯಲ್ಲಿ ಆಗ ಎದ್ದ ಉರಿ ಅದುವರೆಗಿನದ್ದಕ್ಕಿಂತ ದೊಡ್ಡದು. ಬೆಸುಗೆಯನ್ನು ಅಭ್ಯಾಸ ಮಾಡಿ ಹಿಡಿಯಬಹುದು. ಬೇರೆಯವರ ಕೆಲಸ ನೋಡಿ ಹೀಗೆ ಮುಖ ಅರಳುವುದನ್ನು ಎಲ್ಲಿ ಕಲಿಯುವುದು?

ಹಾಲ್ ಕೆಲಸ ನನಗೇ ಬಂತು, ಮಾಡಿ ಮುಗಿಸಿದೆ, ಇವತ್ತಿಗೂ ದೂರು ಬಂದಿಲ್ಲ. ಸವಿತಾ, ಪ್ರಕಾಶ ಈಗ ಲಿಂಗರಾಜಪುರದಲ್ಲಿ ಮನೆ ಮಾಡಿದ್ದಾರೆ. ಹಬ್ಬಕ್ಕೆ ಬಂದಾಗ ಅವಳು ಅಂಗಡಿಯಲ್ಲಿ ಕೂತು ಒಂದೆರಡು ಕೇಬಲ್ ಮಾಡಿಯೇ ಹೋಗುತ್ತಾಳೆ. ಅವು ಈಗಲೂ ನನ್ನವಕ್ಕಿಂತ ಚೆನ್ನಾಗಿರುತ್ತವೆ. ಇದನ್ನು ಅವಳಿಗೆ ನಾನು ಹೇಳಿಲ್ಲ, ನೀವೂ ಹೇಳಬೇಡಿ.

ನೀವು ಸ್ವಂತಕ್ಕೆ ಕೇಬಲ್ ಮಾಡುವವರಾದರೆ ಇಷ್ಟು ನೆನಪಿಟ್ಟುಕೊಳ್ಳಿ. ವೈರ್ ಕೊಳ್ಳುವಾಗ ಅಂಗಡಿಯವನ ಮಾತು ಕೇಳಬೇಡಿ, ಒಂದು ಗೇಣು ಸಿಪ್ಪೆ ತೆಗೆಸಿ ಜಾಲರಿ ಎಷ್ಟು ಒತ್ತಾಗಿದೆ ನೋಡಿ. ಸಂದಿನಲ್ಲಿ ಒಳಗಿನದು ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ, ಅರ್ಧ ಬೆಲೆಗೆ ಕೊಡುತ್ತೇನೆ ಎಂದು ಕರೆದರೂ ತಿರುಗಬೇಡಿ. ಚಿನ್ನದ ಲೇಪಕ್ಕೆ ದುಡ್ಡು ಹಾಕುವ ಬದಲು ಒಳ್ಳೆಯ ಸೋಲ್ಡರಿಗೆ ಹಾಕಿ. ಬೆಸೆದ ಮೇಲೆ ಕೈ, ಬಾಯಿ ಎರಡನ್ನೂ ದೂರ ಇಡಿ, ಅದರ ಪಾಡಿಗೆ ಅದು ಆರಲಿ. ಟೋಪಿಯೊಳಗಿನ ಹಿಡಿತ ಕೇಬಲ್‌ನ ಹೊರಸಿಪ್ಪೆಯನ್ನು ಕಚ್ಚಿರಬೇಕು, ಎಳೆದಾಗ ಭಾರ ಬೆಸುಗೆಯ ಮೇಲೆ ಬೀಳಬಾರದು. ಮೀಟರಿನಲ್ಲಿ ನೋಡುವಾಗ ಕೇಬಲ್ ಅಲುಗಿಸುತ್ತಲೇ ನೋಡಿ. ಸುಮ್ಮನೆ ಮಲಗಿದ್ದಾಗ ಎಲ್ಲ ಕೇಬಲ್ಲೂ ಒಳ್ಳೆಯದೇ. ಎದುರಿಗೆ ಕೂತವರ ಕೈ ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಹೇಗೆ ಮಾಡುತ್ತೀಯ ಅಂತ ಅವತ್ತೇ ಕೇಳಿಬಿಡಿ, ಮಳೆಗಾಲ ಪೂರ್ತಿ ಕಾಯಬೇಡಿ. ಕೇಳಲು ಬಾಯಿ ಬರದಿದ್ದರೆ ನೋಡಿ ಹೊಟ್ಟೆ ಉರಿಸಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ನೋಡುವ ಮೊದಲು ಕಾದ ಐರನ್ನನ್ನು ಮಾತ್ರ ಸ್ಟ್ಯಾಂಡಿನಲ್ಲಿ ಇಡಿ.